ಇಪ್ಪತ್ತೊಂಬತ್ತನೇ ಸಾಲು

ಪರೀಕ್ಷೆಗೆಂದು ಕಳಿಸಿದ ಒಂದೊಂದು ರೂಪಾಯಿ ಇಪ್ಪತ್ತೆಂಟು ಹೆಂಗಸರ ಖಾತೆಗೆ ಹೋಗಿ, ಉಳಿದ ಹದಿಮೂರು ಜನರ ಖಾತೆಗೆ ಯಾಕೆ ಹೋಗಲಿಲ್ಲ ಎಂಬುದು ಚಿಕ್ಕರಂಗಯ್ಯನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಾಯಿತೋ ಅದು ಬೇರೆ ಮಾತು. ಪಟ್ಟಿಯಲ್ಲಿ ಇಪ್ಪತ್ತೆಂಟಾದ ಮೇಲೆ ಏನಿದೆ ಎಂಬುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಆದರೂ ಬೆಳಿಗ್ಗೆ ಎದ್ದಾಗಿನಿಂದ, ಏನೋ ನೆಟ್‌ವರ್ಕ್ ತೊಂದರೆ ಇರಬೇಕು, ಖಾತೆ ನಂಬರಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗೊತ್ತಿರುವುದನ್ನು ಗೊತ್ತಿಲ್ಲವೆಂಬಂತೆ ಇಟ್ಟುಕೊಳ್ಳುವುದರಲ್ಲಿ ಅವನು ಪಳಗಿದವನು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗುಂಡಿಯನ್ನು ಒಂದು ತೂತು ಮೇಲಕ್ಕೆ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದವನನ್ನು ಕಂಡು ಹೆಂಡತಿ ಕೊಲ್ಲಾಪುರಮ್ಮ, "ಬ್ಯಾಂಕಿಗೆ ಹೊಂಟಿದ್ದೀಯೋ, ಹೆಣ್ಣು ನೋಡಕ್ಕೆ ಹೊಂಟಿದ್ದೀಯೋ?" ಅಂದಳು. ಬ್ಯಾಂಕಿನಲ್ಲಿ ಕೂತಿರುವುದು ಕಾಲೊನಿಯ ಸಣ್ಣರಂಗಯ್ಯನ ಮಗಳು ಸಂಘಮಿತ್ರಾ, ಅವಳ ಮುಂದೆ ಹೋಗಿ ನಿಲ್ಲುವುದಕ್ಕೆ ಈ ಸಡಗರ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಕೂಲಿ ಕೊಟ್ಟದ್ದನ್ನು ಬರೆಯುವ ಹಳೆಯ ಬಟವಾಡೆ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟ. ಅದನ್ನೂ ತರಬೇಕೆಂದು ಹಿಂದಿನ ದಿನ ಫೋನಿನಲ್ಲಿ ಅವಳೇ ಹೇಳಿದ್ದಳು.

ಐ.ಡಿ.ಹಳ್ಳಿ ಕಡೆಯಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು. ನಿಂತುಕೊಂಡು ಹೋಗಿದ್ದರೆ ಜೋಲಿ ಹೊಡೆಯುವುದರಲ್ಲೇ ದಾರಿ ಸಾಗುತ್ತಿತ್ತು. ಕೂತವನಿಗೆ ಯೋಚನೆ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಕಡಲೆಕಾಯಿ ಬೆಳೆಗಾರರ ಸಂಘಕ್ಕೆ ಅವನು ಗುಮಾಸ್ತನಾಗಿ ಸೇರಿದಾಗ ಇಪ್ಪತ್ತಮೂರು ವರ್ಷ, ಈಗ ಐವತ್ತೇಳು. ಸಂಘದ ಶೆಡ್ಡಿನಲ್ಲಿ ನಲವತ್ತೊಂದು ಹೆಂಗಸರು ಮೊರ ಮುಂದಿಟ್ಟುಕೊಂಡು ಬಿತ್ತನೆ ಬೀಜ ಆರಿಸುತ್ತಾರೆ. ಒಡೆದದ್ದು, ಮುಗ್ಗಿದ್ದು, ಸುರುಟಿದ್ದು ಒಂದು ಕಡೆ, ಗಟ್ಟಿ ಬೀಜ ಇನ್ನೊಂದು ಕಡೆ. ಶನಿವಾರ ಬಟವಾಡೆ. ಇನ್ನು ಮೇಲೆ ನಗದು ಬೇಡ, ಎಲ್ಲರ ಕೂಲಿಯೂ ಒಂದೇ ಫೈಲಿನಲ್ಲಿ ಬ್ಯಾಂಕಿಗೆ ಹೋಗಿ ಅಲ್ಲಿಂದ ಅವರವರ ಖಾತೆಗೆ ಬೀಳಬೇಕು ಎಂದು ಅಧ್ಯಕ್ಷ ಮಲ್ಲಿಕಾರ್ಜುನಯ್ಯ ಠರಾವು ಮಾಡಿಸಿದ್ದರು. ಫೈಲು ಮಾಡುವವನು ಚಿಕ್ಕರಂಗಯ್ಯ, ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕೊಡುವವರು ಅಧ್ಯಕ್ಷರು. ಒಬ್ಬನೇ ಎರಡನ್ನೂ ಮಾಡುವಂತಿಲ್ಲ ಎಂದು ಬ್ಯಾಂಕಿನವರು ಹೇಳಿದಾಗ, ತನ್ನ ಮೇಲೆ ನಂಬಿಕೆಯಿಲ್ಲವೇನೋ ಎಂದು ಅವನಿಗೆ ಎರಡು ದಿನ ಬೇಸರವಾಗಿತ್ತು. ಆಮೇಲೆ ಎರಡು ತಿಂಗಳು ಪಾಸ್‌ಬುಕ್ಕುಗಳ ಜೆರಾಕ್ಸ್ ಮಾಡಿಸಿದ, ಸೀರೆ ಗಂಟಿನಲ್ಲಿ ಬೆವರಿಗೆ ಒದ್ದೆಯಾದ ಆಧಾರ್ ಕಾರ್ಡುಗಳನ್ನು ಬಿಸಿಲಿಗೆ ಒಣಗಿಸಿದ, ಎರಡೇ ಬೆರಳಿನಲ್ಲಿ ಕುಟ್ಟಿ ಪಟ್ಟಿ ಮಾಡಿದ. ಈ ವಯಸ್ಸಿಗೆ ಕಂಪ್ಯೂಟರ್ ಕಲಿತೆನಲ್ಲ ಎಂಬ ಹೆಮ್ಮೆಯೂ ಇತ್ತು. ಮಂಗಳವಾರ ಆ ಪಟ್ಟಿಯಿಂದಲೇ ತಲೆಗೊಂದು ರೂಪಾಯಿ ಹಾಕಿ ನೋಡಿದ್ದು. ಇವತ್ತು ಗುರುವಾರ. ಇವತ್ತು ಸರಿಯಾಗದಿದ್ದರೆ ನಾಡಿದ್ದು ಶನಿವಾರ ಹದಿಮೂರು ಜನ ಕೂಲಿಯಿಲ್ಲದೆ ಮನೆಗೆ ಹೋಗಬೇಕು, ಆ ಹದಿಮೂರು ಜನವೂ ಊರಾಚೆಯ ಕಾಲೊನಿಯವರು.

ಬಸ್ಸು ತಿರುವಿನಲ್ಲಿ ಹೊರಳಿ ಬೆಟ್ಟ ಕಾಣಿಸಿತು. ಅವನು ಕೈಚೀಲದ ಮೇಲೆ ಕೈಯಿಟ್ಟುಕೊಂಡ. ಆ ಹುಡುಗಿ ಪುಸ್ತಕ ತನ್ನಿ ಎಂದದ್ದು ಯಾಕೆ? ಹೆಸರು ತಾಳೆ ನೋಡುವುದಕ್ಕೆ ಎಂದಿದ್ದಳು. ಹೆಸರು ಪಾಸ್‌ಬುಕ್ಕಿನಲ್ಲೇ ಇಲ್ಲವೆ? ಏಳು ವರ್ಷದವಳಿದ್ದಾಗ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಶೆಡ್ಡಿಗೆ ಬರುತ್ತಿದ್ದಳು. ಅವ್ವನ ಪಕ್ಕ ಕೂರದೆ ಸೀದಾ ಅವನ ಮೇಜಿನ ಹತ್ತಿರ ಬಂದು, ಮೇಜಿನ ಅಂಚಿಗೆ ಗಲ್ಲ ಊರಿಕೊಂಡು ಪುಸ್ತಕ ನೋಡುತ್ತಿದ್ದಳು. ಅವಳಿಗೆ ಸಾವಿರದ ಲೆಕ್ಕ ಓದುವುದಕ್ಕೆ ಕಲಿಸಿದ್ದು ಅವನೇ, ಮೇಷ್ಟರಲ್ಲ. ಸಣ್ಣರಂಗಯ್ಯ ಬುದ್ಧನ ಫೋಟೋ ತಂದು ಗೋಡೆಗೆ ಹಾಕಿ ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟಾಗ, ಇದೆಂಥ ಹೆಸರಯ್ಯ, ನಮ್ಮ ನಾಲಿಗೆಗೆ ಹೊರಳಬೇಡವಾ ಎಂದು ನಕ್ಕಿದ್ದವನೂ ಅವನೇ. ಅವಳ ಅಜ್ಜಿ ಅವನನ್ನು ಬುದ್ದಿ ಅನ್ನುತ್ತಿತ್ತು. ಅವ್ವ ಚಿಕ್ಕಹನುಮಕ್ಕ ರಂಗಯ್ಯನೋರೆ ಅನ್ನುತ್ತಾಳೆ. ಇವಳು ಸಾರ್ ಅನ್ನುತ್ತಾಳೆ. ಇವಳಿಗೆ ಬ್ಯಾಂಕಿನಲ್ಲಿ ಕೆಲಸವಾಯಿತೆಂದು ಕೇಳಿದ ದಿನ ಅವನು ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ, ನನ್ನ ಪುಸ್ತಕ ನೋಡಿ ಕಲಿತ ಹುಡುಗಿ ಎಂದು ಹೇಳಿಕೊಂಡು ತಿರುಗಿದ್ದ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಒಂದು ಶನಿವಾರ ಆ ಮಗು ಪುಟದ ಮೇಲೆ ಬೆರಳಿಟ್ಟು ಈ ಸಾಲಿನಲ್ಲಿ ಏನು ಬರೆದಿದೆ ಎಂದು ಕೇಳಿತ್ತು. ಏನೂ ಇಲ್ಲ ಎಂದ. ಏನೂ ಇಲ್ಲದಿದ್ದರೆ ಯಾಕೆ ಬಿಟ್ಟಿದ್ದೀರಿ ಎಂದಿತು. ಅವನು ಉತ್ತರ ಹೇಳುವ ಬದಲು ಒಂದು ಹಿಡಿ ಕಡಲೆಬೀಜ ತೆಗೆದು ಅದರ ಲಂಗದ ಮಡಿಲಿಗೆ ಮೇಲಿನಿಂದ ಸುರಿದಿದ್ದ. ಮಗು ಕುಣಿದುಕೊಂಡು ಹೋಯಿತು.

ಬ್ಯಾಂಕಿನಲ್ಲಿ ಜನವೋ ಜನ. ಟೋಕನ್ ತೆಗೆದುಕೊಂಡು ಗೋಡೆ ಪಕ್ಕದ ಬೆಂಚಿನಲ್ಲಿ ಕೂತ. ಗಾಜಿನ ಆಚೆ ಅವಳು ಒಬ್ಬ ಮುದುಕನಿಗೆ ಪಾಸ್‌ಬುಕ್ಕಿನ ಪುಟ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು. ಮುದುಕನಿಗೆ ಕಿವಿ ಮಂದ. ಅವಳು ಎದ್ದು ಈಚೆಗೆ ಬಂದು ಅವನ ಹೆಬ್ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಯಂತ್ರದ ಮೇಲೆ ಒತ್ತಿಸಿದಳು, ಒಂದು ಸಲಕ್ಕೆ ಬರಲಿಲ್ಲವೆಂದು ತನ್ನ ಸೆರಗಿನಿಂದಲೇ ಅದನ್ನು ಒರೆಸಿ ಮತ್ತೆ ಒತ್ತಿಸಿದಳು. ಎಷ್ಟು ಸಲೀಸಾಗಿ ಹಿಡಿದುಬಿಟ್ಟಳು ಎಂದು ಚಿಕ್ಕರಂಗಯ್ಯ ನೋಡುತ್ತಲೇ ಇದ್ದ. ಮುದುಕನ ಊರು ಯಾವುದೋ, ಕೇರಿ ಯಾವುದೋ, ಅವಳು ಕೇಳಲಿಲ್ಲ. ಒಳ್ಳೆಯ ಹುಡುಗಿ ಎಂದುಕೊಂಡ. ಹಾಗೆಂದುಕೊಂಡದ್ದಕ್ಕೇ ಇನ್ನಷ್ಟು ಸಂಕಟವಾಯಿತು. ಒರಟಾಗಿ ಮಾತಾಡುವವಳಾಗಿದ್ದರೆ ಎದುರಿಗೆ ಕೂತು ಉತ್ತರ ಕೊಡುವುದು ಸುಲಭವಿತ್ತು. ತನ್ನ ನಂಬರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ, ಅವಳೇ ಕೈ ಮಾಡಿ ಕರೆದಳು.

ಮೇಡಂ ಅನ್ನಬೇಕೋ, ಏನಮ್ಮ ಅನ್ನಬೇಕೋ ತಿಳಿಯದೆ ಅವನು ಎರಡನ್ನೂ ಸೇರಿಸಿ ಏನೋ ಅಂದ. ಅವಳು ನಕ್ಕು ಕುರ್ಚಿ ತೋರಿಸಿ, ಕೊಲ್ಲಾಪುರಮ್ಮನವರ ಮಂಡಿನೋವು ಹೇಗಿದೆ ಎಂದು ಕೇಳಿದಳು, ಚಹಾ ತರಿಸಿದಳು. ಠರಾವಿನ ಪ್ರತಿಯಲ್ಲಿ ಸೀಲು ಸರಿಯಾಗಿದೆಯೇ, ಅಧ್ಯಕ್ಷರ ಸಹಿ ಬ್ಯಾಂಕಿನಲ್ಲಿರುವ ಸಹಿಯ ಹಾಗೇ ಇದೆಯೇ, ಹೆಸರು, ಖಾತೆ ನಂಬರು, ಶಾಖೆಯ ಕೋಡು, ಮೊತ್ತ, ಇವು ನಾಲ್ಕೂ ಹೇಳಿದ ಕ್ರಮದಲ್ಲೇ ಇವೆಯೇ ಎಂದು ಒಂದೊಂದನ್ನೇ ನೋಡುತ್ತ ಹೋದಳು. ಎಲ್ಲ ಸರಿಯಾಗಿತ್ತು. ಒಂದು ನಂಬರಿನಲ್ಲೂ ತಪ್ಪಿಲ್ಲ, ಇಷ್ಟು ಚೊಕ್ಕವಾಗಿ ಪಟ್ಟಿ ಮಾಡಿಕೊಟ್ಟವರನ್ನೇ ನೋಡಿಲ್ಲ ಎಂದಳು. ಸ್ಕೂಲಿನ ಹುಡುಗನಂತೆ ಅವನ ಮುಖ ಅರಳಿತು, ಅರಳಿದ್ದು ಅಷ್ಟೇ ಬೇಗ ಮುದುಡಿತು. ಅವಳು ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದ್ದಳು. ಇಪ್ಪತ್ತೆಂಟನೆಯ ಸಾಲಿನಲ್ಲಿ ಸುನಿತಾಳ ಹೆಸರು. ಇಪ್ಪತ್ತೊಂಬತ್ತು ಖಾಲಿ. ಮೂವತ್ತರಲ್ಲಿ ಚಿಕ್ಕಹನುಮಕ್ಕ. ಖಾಲಿ ಸಾಲು ಸಿಕ್ಕಿದ ಕೂಡಲೇ ಯಂತ್ರ ಪಟ್ಟಿ ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತದೆ, ಅದರ ಕೆಳಗಿನವರು ಅದರ ಪಾಲಿಗೆ ಇಲ್ಲವೇ ಇಲ್ಲ ಎಂದು ಅವಳು ಬಿಡಿಸಿ ಹೇಳಿದಳು. ಆಮೇಲೆ ಬಟವಾಡೆ ಪುಸ್ತಕ ತೆರೆದಳು. ಹೋದ ವಾರದ ಪುಟ, ಹೋದ ತಿಂಗಳ ಪುಟ, ಹೋದ ವರ್ಷದ ಪುಟ. ಎಲ್ಲ ಪುಟದಲ್ಲೂ ಊರೊಳಗಿನವರ ಹೆಸರು ಮುಗಿದ ಮೇಲೆ ಒಂದು ಸಾಲು ಬಿಟ್ಟು ಕಾಲೊನಿಯವರ ಹೆಸರು.

ಅದನ್ನು ಅವನಿಗೆ ಹೇಳಿಕೊಟ್ಟದ್ದು ಸಂಘದ ಹಳೆಯ ಅಧ್ಯಕ್ಷರು, ಈಗ ತೀರಿಹೋಗಿದ್ದಾರೆ. ಮೊದಲ ಬಟವಾಡೆಯ ದಿನ ಪಕ್ಕದಲ್ಲಿ ನಿಂತು, ಈ ಸಾಲಿನವರೆಗೆ ಕೈಗೆ ಕೊಡು, ಇದರಿಂದಾಚೆಗೆ ಕೈಗೆ ಹಾಕು ಎಂದು ಮೆಲ್ಲಗೆ ಹೇಳಿದ್ದರು. ಕೊಡುವುದಕ್ಕೂ ಹಾಕುವುದಕ್ಕೂ ನಡುವೆ ಒಂದು ಗೇಣು. ಕಾಲೊನಿಯ ಹೆಂಗಸರು ಬೊಗಸೆ ಒಡ್ಡುತ್ತಿದ್ದರು, ಅವನು ಮೇಲಿನಿಂದ ಬಿಡುತ್ತಿದ್ದ. ಏಳು ವರ್ಷ ಹಾಗೇ ನಡೆಯಿತು. ಒಂದು ಶನಿವಾರ ಗಾಳಿ ಜೋರಾಗಿತ್ತು. ಚಿಕ್ಕಹನುಮಕ್ಕನ ಬೊಗಸೆಗೆ ಬಿಟ್ಟ ನೋಟು ಹಾರಿ ಹೊಟ್ಟಿನ ರಾಶಿಯ ಕಡೆ ಹೋಯಿತು. ಸೊಂಟದಲ್ಲಿ ಎರಡು ವರ್ಷದ ಕೂಸನ್ನಿಟ್ಟುಕೊಂಡು ಅವಳು ಅದರ ಹಿಂದೆ ಓಡಿದಳು. ಅದು ಇನ್ನೊಂದು ಮೊಳ ಹಾರಿತು. ಶೆಡ್ಡೆಲ್ಲ ನಕ್ಕಿತು, ಅವನೂ ನಕ್ಕ. ಅವಳು ಹೊಟ್ಟು ಮೆತ್ತಿಕೊಂಡ ನೋಟನ್ನು ಕಣ್ಣಿಗೊತ್ತಿಕೊಂಡು ಬಂದು ಹೆಬ್ಬೆಟ್ಟು ಒತ್ತಿ ಹೋದಳು, ಅವಳೂ ಸ್ವಲ್ಪ ನಕ್ಕಳು. ಆ ಸ್ವಲ್ಪ ನಗು ಅವನಿಗೆ ಆ ವಾರವೆಲ್ಲ ಊಟ ಸೇರದ ಹಾಗೆ ಮಾಡಿತು.

ಮುಂದಿನ ಶನಿವಾರ ಅವನು ಮನೆಯಿಂದ ಒಂದು ಮೇಜು ತಂದು ಹಾಕಿ, ಅದರ ಮೇಲೆ ಬಿಸ್ಕತ್ತಿನ ಡಬ್ಬದ ತಗಡು ಮುಚ್ಚಳ ಇಟ್ಟ. ಇನ್ನು ಮೇಲೆ ಯಾರ ಕೈಗೂ ಇಲ್ಲ, ಎಲ್ಲರ ದುಡ್ಡೂ ಮುಚ್ಚಳದೊಳಕ್ಕೆ, ಎಲ್ಲರೂ ಅಲ್ಲಿಂದಲೇ ಎತ್ತಿಕೊಳ್ಳುವುದು. ಊರೊಳಗಿನ ಹೆಂಗಸರು ರಂಗಯ್ಯ ಸಾಹೇಬನಾಗಿಬಿಟ್ಟ ಎಂದು ಆಡಿಕೊಂಡರು. ಅವನು ಮಾತ್ರ ಒಳಗೊಳಗೇ ತಾನೊಂದು ದೊಡ್ಡ ಕೆಲಸ ಮಾಡಿದೆ ಎಂದು ಬೀಗಿದ. ಇಪ್ಪತ್ತೇಳು ವರ್ಷ ಬೀಗಿದ. ಹದಿಮೂರು ಕೈಗಳನ್ನು ಮುಟ್ಟುವ ಧೈರ್ಯವಿಲ್ಲದೆ ನಲವತ್ತೊಂದು ಕೈಗಳನ್ನೂ ಬಿಟ್ಟೆ ಎಂಬ ಸತ್ಯ ಅವನಿಗೆ ಹೊಳೆಯದೆ ಇರಲಿಲ್ಲ. ಹೊಳೆದಾಗಲೆಲ್ಲ ಪೆನ್ನಿನ ಮುಚ್ಚಳ ಬಿಚ್ಚಿ ಮುಂದಿನ ಹೆಸರು ಕೂಗುತ್ತಿದ್ದ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಯಾರು ಯಾರನ್ನೋ ಮುಟ್ಟಿದ್ದಾನೆ, ಅದೆಲ್ಲ ಅವನ ಲೆಕ್ಕಕ್ಕಿಲ್ಲ. ಶೆಡ್ಡಿನಲ್ಲಿ ಮಾತ್ರ ಮುಚ್ಚಳ ಇತ್ತು, ಪುಸ್ತಕದಲ್ಲಿ ಆ ಸಾಲು ಇತ್ತು. ಈಗ ಕಂಪ್ಯೂಟರಿನಲ್ಲಿ ಪಟ್ಟಿ ಕುಟ್ಟುವಾಗಲೂ ಇಪ್ಪತ್ತೆಂಟಾದ ಮೇಲೆ ಅವನ ಬೆರಳು ತಾನಾಗಿಯೇ ಒಂದು ಸಾಲು ಕೆಳಗಿಳಿದಿತ್ತು. ಯಾರೂ ಹೇಳಿರಲಿಲ್ಲ.

"ಯಾಕೆ ಸಾರ್ ಇದೊಂದು ಸಾಲು ಬಿಟ್ಟಿದ್ದೀರಿ?" ಎಂದಳು ಸಂಘಮಿತ್ರಾ. ದನಿಯಲ್ಲಿ ಏನೂ ಇರಲಿಲ್ಲ, ಬ್ಯಾಂಕಿನವರು ಯಾರನ್ನಾದರೂ ಕೇಳುವ ಹಾಗೆ ಕೇಳಿದ್ದಳು.

ಕೈ ತಪ್ಪಿರಬೇಕು ಎಂದ ಅವನು. ಅಂದವನೇ ಚಹಾದ ಲೋಟ ಎತ್ತಿಕೊಂಡ, ಅದು ಖಾಲಿಯಾಗಿತ್ತು, ಆದರೂ ಕುಡಿದ. ಅವಳ ಕಣ್ಣು ಪರದೆಯ ಮೇಲೆ ಚಿಕ್ಕಹನುಮಕ್ಕನಿಂದ ಕೆಳಕ್ಕೆ ಒಂದೊಂದೇ ಹೆಸರಿನ ಮೇಲೆ ಇಳಿಯುತ್ತಿತ್ತು. ಚಿಕ್ಕವಳಿದ್ದಾಗ ಪ್ರತಿ ಹೆಸರಿನ ಹಿಂದಿರುವ ಮನೆಯ ಬಾಗಿಲಿಗೂ ಹೋಗಿ ಮಜ್ಜಿಗೆ ಕುಡಿದು ಬಂದವಳು. ಹದಿಮೂರೂ ಓದಿ ಮುಗಿಸಿ, ಕೈ ತಪ್ಪಿದ್ದರೆ ಸರಿಮಾಡಬಹುದು ಬಿಡಿ ಎಂದು ಮೌಸನ್ನು ಅವನ ಕಡೆ ಸರಿಸಿದಳು. ನೀವೇ ತೆಗೆಯಿರಿ, ಫೈಲು ಮಾಡುವವರು ನೀವಲ್ಲವೆ, ನಾನು ನಿಮ್ಮ ಫೈಲಿಗೆ ಕೈ ಹಾಕುವಂತಿಲ್ಲ ಎಂದಳು. ನಿಯಮವೇ ಹಾಗಿತ್ತೋ, ಅವಳು ಹಾಗೆ ಹೇಳಿದಳೋ, ಅವನಿಗೆ ತಿಳಿಯಲಿಲ್ಲ. ಎಲ್ಲಿ ಒತ್ತಬೇಕೆಂದು ಅವಳು ತೋರಿಸಿದಳು. ಬಾಣದ ಗುರುತು ಪರದೆಯ ಮೇಲೆ ಸರಿದು ಹೋಗಿ ಇಪ್ಪತ್ತೊಂಬತ್ತರ ಮೇಲೆ ನಿಂತಿತು. ಒತ್ತಿದ. ಸದ್ದಿಲ್ಲ, ಗದ್ದಲವಿಲ್ಲ. ಹದಿಮೂರು ಹೆಸರುಗಳು ಒಟ್ಟಿಗೆ ಒಂದು ಮೆಟ್ಟಿಲು ಮೇಲೆ ಬಂದವು, ಚಿಕ್ಕಹನುಮಕ್ಕ ಸುನಿತಾಳಿಗೆ ಅಂಟಿಕೊಂಡು ಕೂತಳು. ಶೆಡ್ಡಿನಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ಕೂತದ್ದನ್ನು ಅವನು ನೋಡಿರಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಅವನಿಗೆ ಅಳು ಬರುವಂತಾಯಿತು.

"ಕೈ ತಪ್ಪಿದ್ದಲ್ಲ ಕಣಮ್ಮ" ಎಂದ.

"ಗೊತ್ತು ಸಾರ್" ಎಂದಳು ಅವಳು. ಆಮೇಲೆ ಬ್ಯಾಂಕಿನ ಕನ್ನಡ ಬಿಟ್ಟು ಊರಿನ ಮಾತಿನಲ್ಲಿ, "ಸಣ್ಣೋಳಿದ್ದಾಗ್ಲೇ ಕೇಳಿದ್ನಲ್ಲ ನಿಮ್ಮನ್ನ. ಕಡ್ಲೆಬೀಜ ಕೊಟ್ಟು ಕಳ್ಸಿಬುಟ್ರಿ. ಇವತ್ತೂ ತಂದಿದ್ದೀರೇನೋ ಅಂದ್ಕಂಡೆ" ಎಂದು ನಕ್ಕಳು. ಅವನಿಗೂ ನಗು ಬಂತು. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು, ಕನ್ನಡಕ ತೆಗೆದು ಒರೆಸಿಕೊಂಡ. ಇವಳು ಬೈದಿದ್ದರೆ ಚೆನ್ನಾಗಿತ್ತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದ, ಅಷ್ಟರಲ್ಲಿ ಮುಂದಿನ ನಂಬರಿನವನು ಬಂದು ನಿಂತ. ಅವಳು ಪುಸ್ತಕ ಮುಚ್ಚಿ ಚಿಕ್ಕರಂಗಯ್ಯನ ಕೈಗೆ ಕೊಟ್ಟು, ಹದಿಮೂರು ಜನಕ್ಕೆ ಈಗಲೇ ಒಂದೊಂದು ರೂಪಾಯಿ ಕಳಿಸೋಣ, ಅಧ್ಯಕ್ಷರಿಗೆ ಒಪ್ಪಿಗೆ ಒತ್ತಲು ಫೋನ್ ಮಾಡಿ ಎಂದಳು. ಮಲ್ಲಿಕಾರ್ಜುನಯ್ಯ ಎಲ್ಲೋ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದರು, ಎಡಗೈಯಲ್ಲೇ ಒತ್ತಿದರು. ಶನಿವಾರದ ಕೂಲಿಗೆ ಇನ್ನು ತೊಂದರೆಯಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ಜೋಲಿ ಹೊಡೆಯುತ್ತ, ಫೈಲು ಬಂತು, ಇನ್ನು ಯಾರ ಕೈಗೂ ಕೊಡುವುದಿಲ್ಲ, ಹಾಕುವುದೂ ಇಲ್ಲ, ಇಡುವುದೂ ಇಲ್ಲ ಎಂದುಕೊಂಡ. ಹಾಯೆನಿಸಬೇಕಿತ್ತು. ಎಲ್ಲವೂ ಅಳಿಸಿಹೋಗಿ ತಾನು ಪಾರಾದೆ ಎನಿಸಬೇಕಿತ್ತು. ಅದರ ಬದಲು ಏನನ್ನೋ ಬಸ್ಸಿನಲ್ಲೇ ಮರೆತು ಇಳಿದವನ ಹಾಗೆ ಅವನು ಇಳಿದ ಮೇಲೆ ಎರಡು ಸಲ ಕೈಚೀಲ ನೋಡಿಕೊಂಡ. ಹೋದ ಶನಿವಾರ ಮುಚ್ಚಳದಿಂದ ದುಡ್ಡು ಎತ್ತಿಕೊಂಡರಲ್ಲ, ಅದೇ ಕಡೆಯ ಬಟವಾಡೆ. ಆಗ ಅವನಿಗೆ ಅದು ಹೊಳೆದಿರಲಿಲ್ಲ. ಹೊಳೆದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡ. ಬಹುಶಃ ಏನೂ ಮಾಡುತ್ತಿರಲಿಲ್ಲ.

ಶೆಡ್ಡಿಗೆ ಬಂದಾಗ ನಾಲ್ಕೂವರೆ. ಹೆಂಗಸರು ಸೆರಗಿನ ಧೂಳು ಕೊಡವುತ್ತಾ ಹೊರಡುತ್ತಿದ್ದರು. ಮೇಜಿನ ಮೇಲೆ ಈಗ ಕಂಪ್ಯೂಟರ್ ಇತ್ತು, ತಗಡು ಮುಚ್ಚಳವನ್ನು ಯಾರೋ ಬೀಜದ ಮೂಟೆಯ ಮೇಲೆ ಎಸೆದಿದ್ದರು. ಅವನು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿರುವಾಗ ಚಿಕ್ಕಹನುಮಕ್ಕ ಬಂದು ಎದುರಿಗೆ ನಿಂತಳು. ನೋಟಿನ ಹಿಂದೆ ಓಡಿದವಳ ತಲೆ ಈಗ ಅರ್ಧಕ್ಕರ್ಧ ನರೆತಿತ್ತು. ಸೊಂಟದ ಚೀಲದಿಂದ ಒಂದು ನಾಣ್ಯ ತೆಗೆದಳು.

"ನಿಮ್ ಒಂದ್ರುಪಾಯಿ ನನ್ ಖಾತೆಗೆ ಬಂದ್ಬುಟ್ಟೈತೆ. ಫೋನ್ ಮಾಡಿ ಕೇಳುದ್ರೆ ಮಗಳು ಹೇಳಿದ್ಲು, ಪರೀಕ್ಷೆಗಂತೆ ಅದು. ಪರೀಕ್ಷೆ ಆತಲ್ಲ, ತಗಳಿ."

ಮಂಗಳವಾರ ರೂಪಾಯಿ ಬಂದ ಇಪ್ಪತ್ತೆಂಟು ಜನರಲ್ಲಿ ಒಬ್ಬರಿಗೂ ಇದು ತೋಚಿರಲಿಲ್ಲ. ಅದು ವಾಪಸ್ಸು ಕೊಡುವ ದುಡ್ಡಲ್ಲ, ನೀನೇ ಇಟ್ಟುಕೋ ಎಂದು ಅವನು ಹೇಳಿದರೆ ಅವಳು ಕೇಳಲಿಲ್ಲ. ಕೆಲಸ ಮಾಡದೆ ಬಂದ ದುಡ್ಡು ತನಗೇಕೆ ಎಂದಳು. ಅವಳ ಕಣ್ಣು ಮೇಜಿನ ಮೇಲೆ ಮುಚ್ಚಳ ಹುಡುಕಿತು. ಇರಲಿಲ್ಲ. ಚಿಕ್ಕರಂಗಯ್ಯ ಕೈ ಚಾಚಿದ. ಯೋಚಿಸಿ ಚಾಚಿದ್ದಲ್ಲ, ಮುಚ್ಚಳ ಇಲ್ಲವಲ್ಲ ಎಂದು ಚಾಚಿದ್ದು. ಅವಳು ಅವನ ಅಂಗೈ ನೋಡಿದಳು, ತನ್ನ ಕೈಯನ್ನು ಒಂದು ಗೇಣು ಮೇಲಕ್ಕೆತ್ತಿದಳು, ಅವನಿಗೆ ತಾಕದ ಹಾಗೆ ಜೋಪಾನವಾಗಿ, ಅಲ್ಲಿಂದ ನಾಣ್ಯವನ್ನು ಬಿಟ್ಟಳು.

ಅದು ಅವನ ಅಂಗೈ ಮೇಲೆ ಬಿತ್ತು. ಒಂದು ರೂಪಾಯಿ ಎಷ್ಟು ತೂಗೀತು? ಆದರೆ ಬಿದ್ದದ್ದು ಕೈಗೆ ತಿಳಿಯಿತು. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಕೈ ಕೆಳಗಿತ್ತು. ಅವಳ ಮುಖದಲ್ಲಿ ಸೇಡಿಲ್ಲ, ಕುಹಕವಿಲ್ಲ. ಅವನಿಗೆ ಮೈಲಿಗೆಯಾಗದಿರಲಿ ಎಂಬ ಕಾಳಜಿಯಿತ್ತು, ಅವನೇ ಕಲಿಸಿದ ಕಾಳಜಿ. ಹೊರಡುವುದಕ್ಕೆಂದು ಅವಳು ತಿರುಗಿದಳು. ಅವನು ಎದ್ದು ನಿಂತ, ಕುರ್ಚಿ ಹಿಂದಕ್ಕೆ ಬಿತ್ತು.

"ಹನುಮಕ್ಕ, ಇನ್ನೊಂದ್ಸಲ ಕೊಡು" ಎಂದ.

"ಯಾಕೆ, ಬಿದ್ದೋತಾ?"

"ಬಿತ್ತು ಕಣವ್ವ. ಅದುಕ್ಕೇ. ಈ ಸಲ ಕೈಗಿಕ್ಕು."

ಮೇಜು ಸುತ್ತಿ ಈಚೆ ಬಂದು ಅವನು ನಾಣ್ಯವನ್ನು ಅವಳ ಅಂಗೈಗೆ ಇಟ್ಟ, ಬೆರಳು ತೆಗೆಯಲಿಲ್ಲ. ಬಾಗಿಲಲ್ಲಿ ಸುನಿತಾ, ಇನ್ನಿಬ್ಬರು ನಿಂತು ನೋಡುತ್ತಿದ್ದರು, ನೋಡಲಿ. ಚಿಕ್ಕಹನುಮಕ್ಕ ಒಮ್ಮೆ ಅವರ ಕಡೆ, ಒಮ್ಮೆ ಅವನ ಕಡೆ ನೋಡಿದಳು. ಆಮೇಲೆ ಬೀಜದ ಕೆಂಪು ಸಿಪ್ಪೆ ಅಂಟಿದ್ದ ಬಲಗೈಯಿಂದ ನಾಣ್ಯ ತೆಗೆದು ಅವನ ಅಂಗೈಗಿಟ್ಟು, ಎಡಗೈಯಿಂದ ಅವನ ಬೆರಳುಗಳನ್ನು ಮಡಚಿ, ಮಗುವಿಗೆ ಕಾಸು ಕೊಟ್ಟು ಬೀಳಿಸಬೇಡ ಎನ್ನುವವಳ ಹಾಗೆ ಒತ್ತಿ ಹಿಡಿದಳು. ಅವಳ ಕೈ ಸೌದೆಯ ಹಾಗೆ ಒರಟಾಗಿತ್ತು. ಅವಳು ಅವನ ಮುಷ್ಟಿಯನ್ನು ಇನ್ನೊಮ್ಮೆ ಅದುಮಿ ನೋಡಿ ನಕ್ಕುಬಿಟ್ಟಳು.

"ಇಷ್ಟ್ ಮೆತ್ತಗೈತಾ ನಿಮ್ ಕೈ? ಇಷ್ಟ್ ವರ್ಷ ಆದ್ರೂ ಗೊತ್ತೇ ಇರ್ಲಿಲ್ಲ ನೋಡಿ."